ಶಿರಸಿಯ ಅಡಿಕೆ ಮನೆಗೆ ಬಂದ ರಷ್ಯನ್ ಟಾಯ್: ಒಂದು ಪ್ರಕರಣ

ಇದು ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ ನಡೆದದ್ದು. ಊರಿನ ಹೆಸರು ಬೇಡ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ನಾಯಿಯ ಹೆಸರನ್ನೂ ಬದಲಿಸಿದ್ದೇನೆ, ಇಲ್ಲಿ ಅವಳು ಸಾಸಿವೆ. ನಾನು ಪಶುವೈದ್ಯನಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನಾಯಿ ಸಾಕಿದವರ ಮನೆಗೆ ಹೋಗಿ, ನಾಯಿ ಮತ್ತು ಮನೆಯವರು ಒಬ್ಬರಿಗೊಬ್ಬರು ಹೊಂದಿಕೊಳ್ಳಲು ಸಹಾಯ ಮಾಡುತ್ತೇನೆ. ಈ ಪ್ರಕರಣದಲ್ಲಿ ನನ್ನಿಂದಲೇ ಒಂದು ದೊಡ್ಡ ತಪ್ಪಾಯಿತು. ಅದನ್ನು ಹೇಳಬೇಕು ಅಂತಲೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಹಿನ್ನೆಲೆ

ಮನೆಯಲ್ಲಿ ಇಬ್ಬರೇ. ಅಕ್ಕೋರು ಶಾಲೆಯಿಂದ ನಿವೃತ್ತರಾಗಿ ಆರು ವರ್ಷ. ಯಜಮಾನರದ್ದು ಅಡಿಕೆ ತೋಟ. ಮಗ ಬೆಂಗಳೂರಿನಲ್ಲಿ. ಮಗನ ಸ್ನೇಹಿತನೊಬ್ಬ ವಿದೇಶಕ್ಕೆ ಹೊರಟ. ಅವನ ಹತ್ತು ತಿಂಗಳ ನಾಯಿಗೆ ಜಾಗ ಬೇಕಿತ್ತು. "ಆಯಿಗೆ ಜೊತೆ ಆಗ್ತದೆ" ಅಂತ ಮಗ ಮೇ ತಿಂಗಳಲ್ಲಿ ಕಾರಿನಲ್ಲಿ ತಂದು ಬಿಟ್ಟು ಹೋದ.

ಆ ಮನೆಗೆ ನಾಯಿ ಹೊಸದಲ್ಲ. ಹದಿಮೂರು ವರ್ಷ ಬದುಕಿದ ಒಂದು ಊರ ನಾಯಿ ಇತ್ತು. ಅನ್ನ ಮಜ್ಜಿಗೆ ತಿಂದು ಅಂಗಳದಲ್ಲಿ ಮಲಗುತ್ತಿತ್ತು, ರಾತ್ರಿ ತೋಟಕ್ಕೆ ಬಂದ ಹಂದಿಯನ್ನು ಬೊಗಳಿ ಓಡಿಸುತ್ತಿತ್ತು. ಅವರ ಪಾಲಿಗೆ ನಾಯಿ ಅಂದರೆ ಅದು. ಸಾಸಿವೆ ಬಂದಾಗ ತೂಕ 1.9 ಕಿಲೋ. ನೆಲದಿಂದ ಭುಜಕ್ಕೆ 25 ಸೆಂಟಿಮೀಟರ್. ನುಣುಪು ಕಪ್ಪು ಮೈ, ಹುಬ್ಬಿನ ಮೇಲೆ ಎರಡು ಕಂದು ಚುಕ್ಕಿ, ಪೆನ್ಸಿಲಿನಷ್ಟು ಕಾಲು, ಮುಖಕ್ಕೆ ಮೀರಿದ ಕಿವಿ. ನೋಡಿದವರೆಲ್ಲ ಮಿನಿಯೇಚರ್ ಪಿನ್ಷರ್ ಅಂದುಕೊಂಡರು. ನಮ್ಮ ಕಡೆ ಅದೇ ಕಣ್ಣಿಗೆ ಬೀಳುವುದು ಜಾಸ್ತಿ, ಅಲ್ವಾ. ಆದರೆ ಮಿನ್ ಪಿನ್ ಜರ್ಮನಿಯದ್ದು, ಎದೆ ಗಟ್ಟಿ, ತೂಕ ನಾಲ್ಕರಿಂದ ಆರು ಕಿಲೋ. ಸಾಸಿವೆಯ ಕಾಗದದಲ್ಲಿ ಇದ್ದದ್ದು ರಷ್ಯನ್ ಟಾಯ್.

ಈ ತಳಿಯ ಕತೆ ಸ್ವಲ್ಪ ಹೇಳಬೇಕು, ಮುಂದೆ ಇದೇ ಕೆಲಸಕ್ಕೆ ಬರುತ್ತದೆ. ಇಂಗ್ಲೆಂಡಿನಲ್ಲಿ ಇಲಿ ಹಿಡಿಯಲು ಬೆಳೆಸಿದ ಕಪ್ಪು ಕಂದು ಬಣ್ಣದ ಸಣ್ಣ ಟೆರಿಯರ್‌ಗಳು ರಷ್ಯಾಕ್ಕೆ ಹೋದವು, ಅಲ್ಲಿ ಶ್ರೀಮಂತರ ಮನೆಯ ನಾಯಿಗಳಾದವು. 1917ರ ಕ್ರಾಂತಿಯ ನಂತರ ಅವನ್ನು ಸಾಕುವವರೇ ಕಡಿಮೆಯಾದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, ವಂಶದ ದಾಖಲೆ ಇಲ್ಲದೆ ಅಲ್ಲಿ ಇಲ್ಲಿ ಉಳಿದಿದ್ದ ನಾಯಿಗಳಿಂದಲೇ ತಳಿಯನ್ನು ಮತ್ತೆ ಕಟ್ಟಿದರು. 1958ರ ಅಕ್ಟೋಬರ್ 12ರಂದು ಮಾಸ್ಕೋದಲ್ಲಿ ನುಣುಪು ಕೂದಲಿನ ತಂದೆ ತಾಯಿಗೆ, ಕಿವಿ ತುಂಬ ಉದ್ದ ಕೂದಲು ಇಳಿಬಿದ್ದ ಒಂದು ಗಂಡು ಮರಿ ಹುಟ್ಟಿತು. ಅದರ ಹೆಸರು ಚಿಕಿ. ಉದ್ದ ಕೂದಲಿನ ಬಗೆ ಶುರುವಾದದ್ದು ಅದರಿಂದ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ 2006ರಲ್ಲಿ ತಾತ್ಕಾಲಿಕವಾಗಿ, 2017ರಲ್ಲಿ ಪೂರ್ತಿಯಾಗಿ ಈ ತಳಿಯನ್ನು ಒಪ್ಪಿಕೊಂಡಿತು. 2006ರಲ್ಲಿ ಹೆಸರಿನಿಂದ ಟೆರಿಯರ್ ಅನ್ನುವ ಪದ ಬಿಟ್ಟುಹೋಯಿತು, ಬರೀ ರಷ್ಯನ್ ಟಾಯ್ ಉಳಿಯಿತು. ಈಗ ಅದು ಜೊತೆಗಾರ ನಾಯಿಗಳ ಗುಂಪಿನಲ್ಲಿದೆ. ಎತ್ತರ 20ರಿಂದ 28 ಸೆಂಟಿಮೀಟರ್, ತೂಕ ಮೂರು ಕಿಲೋ ಮೀರುವ ಹಾಗಿಲ್ಲ.

ಟಾಯ್ ಅಂದರೆ ನಮ್ಮ ಕಡೆಯ ಮಾತಿನಲ್ಲಿ ಆಟಿಗೆ ಸಾಮಾನು. ಮನೆಗೆ ಬಂದವರೆಲ್ಲ ಅವಳನ್ನು ಹಾಗೆಯೇ ಕಂಡರು.

ಸಮಸ್ಯೆ

ಜುಲೈ ಎರಡನೇ ವಾರ ಅಕ್ಕೋರ ಫೋನ್ ಬಂತು. "ಒಂದ್ಸಲ ಬಂದು ನೋಡ್ಕಂಡು ಹೋಗೋ ಮಾರಾಯಾ, ಈ ಕುನ್ನಿ ಯಂಗೆ ಅರ್ಥನೇ ಆಗ್ತಿಲ್ಲೆ." ಹಿಂದೆ ಮಳೆಯ ಸದ್ದು, ಅದರ ಮೇಲೆ ಸಾಸಿವೆಯ ಸಣ್ಣ ಚೂಪು ದನಿ. ನಾವು ಮಾತಾಡಿದ ಹತ್ತು ನಿಮಿಷದಲ್ಲಿ ಆ ದನಿ ನಿಲ್ಲಲಿಲ್ಲ.

ಬಸ್ಸಿಗೆ ಬೊಗಳುತ್ತಾಳೆ, ಗಾಳಿಗೆ ಬೊಗಳುತ್ತಾಳೆ, ಮಳೆ ಹನಿ ತಗಡಿನ ಮೇಲೆ ಬಿದ್ದರೂ ಬೊಗಳುತ್ತಾಳೆ. ಅಂಗಳಕ್ಕೆ ಇಳಿಯುವುದಿಲ್ಲ, ಜಗುಲಿಯ ಮೂಲೆಯಲ್ಲಿ, ದೇವರ ಕೋಣೆಯ ಬಾಗಿಲ ಬುಡದಲ್ಲಿ ಉಚ್ಚೆ ಮಾಡುತ್ತಾಳೆ. ಅನ್ನ ಮೂಸಿ ನೋಡಿ ಹೋಗುತ್ತಾಳೆ. ಮೂರು ಜನರಿಗೆ ಕಚ್ಚಿದ್ದಾಳೆ, ಅದರಲ್ಲಿ ಒಬ್ಬರು ತೋಟದ ಕೆಲಸಕ್ಕೆ ಬರುವ ಹೆಂಗಸು. ಆಕೆಯ ಬೆರಳಿಗೆ ರಕ್ತ ಬಂದು ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಾಯಿತು. ನಾಯಿಗೆ ಲಸಿಕೆ ಆಗಿತ್ತು, ಆದರೂ ಹಾಕಿಸಿದ್ದು ಸರಿಯೇ. ಯಜಮಾನರು ಮಗನಿಗೆ ಹೇಳಿಯಾಗಿತ್ತು, ಚೌತಿಗೆ ಬಂದಾಗ ವಾಪಸ್ ತೆಗೆದುಕೊಂಡು ಹೋಗು ಅಂತ.

ನಾನು ಹೋಗುವ ಮೊದಲೇ ಏನೇನೋ ಮಾಡಿ ನೋಡಿದ್ದರು. ಪೇಪರ್ ಸುರುಳಿಯಿಂದ ಹೊಡೆದಿದ್ದರು. ಯಾರೋ ಹೇಳಿದರು ಅಂತ ಉಚ್ಚೆಗೆ ಮೂತಿ ಒತ್ತಿದ್ದರು. ಅನ್ನ ಬೇಡ ಅಂದಳಲ್ಲ ಅಂತ ಹಾಲು ಬಿಸ್ಕತ್ತು ಕೊಟ್ಟರು, ಭೇದಿ ಆಯಿತು. ಮಳೆಯಲ್ಲಿ ಹೊರಗೆ ಇಟ್ಟು ಬಾಗಿಲು ಹಾಕಿದರು, ಅವಳು ಹೊಸ್ತಿಲಲ್ಲೇ ನಡುಗುತ್ತಾ ನಿಂತಳು. ಇದರಲ್ಲಿ ಕೆಟ್ಟ ಮನಸ್ಸು ಯಾರದ್ದೂ ಇಲ್ಲ. ಊರ ನಾಯಿಗೆ ಗೊತ್ತಿದ್ದ ದಾರಿಯನ್ನು ಇವಳಿಗೂ ಹಿಡಿದರು, ಅಷ್ಟೆ.

ಮೊದಲ ಮಧ್ಯಾಹ್ನ

ಹೋದವನು ಏನೂ ಮಾಡಲಿಲ್ಲ. ಜಗುಲಿಯ ಕಂಬಕ್ಕೆ ಒರಗಿ ಮೂರು ಗಂಟೆ ಕೂತೆ. ಅಷ್ಟರಲ್ಲಿ ಅವಳನ್ನು ನೆಲದಿಂದ ಎತ್ತಿದ್ದು ಒಂಬತ್ತು ಸಲ. ಅಕ್ಕೋರು, ಯಜಮಾನರು, ಪಕ್ಕದ ಮನೆಯ ಇಬ್ಬರು ಮಕ್ಕಳು, ಹಾಲು ಕೊಡಲು ಬಂದ ಹುಡುಗ, ಎಲ್ಲರೂ ಬಂದರು, ಬಗ್ಗಿದರು, ಎತ್ತಿದರು. 25 ಸೆಂಟಿಮೀಟರ್ ಎತ್ತರದ ಪ್ರಾಣಿಗೆ ಎಲ್ಲ ಕೈಗಳೂ ಆಕಾಶದಿಂದಲೇ ಬರುತ್ತವೆ. ಪ್ರತಿ ಸಲ ಅವಳು ಮೊದಲು ಕಿವಿ ಹಿಂದಕ್ಕೆ ಒತ್ತುತ್ತಿದ್ದಳು, ನಂತರ ತುಟಿ ನೆಕ್ಕುತ್ತಿದ್ದಳು, ನಂತರ ಮೈ ಕಲ್ಲಿನಂತೆ ಬಿಗಿಯುತ್ತಿದ್ದಳು. ಯಾರಿಗೂ ಅದು ಕಾಣಲಿಲ್ಲ. ಕಚ್ಚಿದ ಮೂರು ಸಲದ ಕತೆ ಕೇಳಿದೆ. ಮೂರೂ ಸಲ ಎತ್ತುವಾಗಲೇ ಕಚ್ಚಿದ್ದು.

ಆದ್ದರಿಂದ ಮೊದಲ ತೀರ್ಮಾನ ಸುಲಭದ್ದಾಯಿತು: ಯಾರೂ ಎತ್ತಬಾರದು. ನೆಲದಲ್ಲಿ ಕೂರಿ, ಕೈ ಮಡಿಲಲ್ಲಿ ಇಡಿ, ಬಂದರೆ ಬರಲಿ. ಅಕ್ಕೋರು ಒಳಗೆ ಹೋಗಿ ಹಳೆ ಪಾಟಿ ತಂದರು. ಸೀಮೆಸುಣ್ಣದಲ್ಲಿ ದೊಡ್ಡಕ್ಕೆ "ಎತ್ತಬಾರದು" ಅಂತ ಬರೆದು ಜಗುಲಿಯ ಕಂಬಕ್ಕೆ ತೂಗುಹಾಕಿದರು. ಕೆಲಸದ ಹೆಂಗಸಿಗೆ ಇದನ್ನು ಅಕ್ಕೋರೇ ಕೂತು ವಿವರಿಸಿದರು, ಕ್ಷಮೆಯನ್ನೂ ಕೇಳಿದರು. ಆ ದಿನದಿಂದ ಈವರೆಗೆ ಸಾಸಿವೆ ಯಾರಿಗೂ ಕಚ್ಚಿಲ್ಲ.

ಬಾಯಿ ನೋಡಿದಾಗ ಕೋರೆಹಲ್ಲು ಜೋಡಿ ಜೋಡಿಯಾಗಿ ಕಂಡವು. ಹಾಲುಹಲ್ಲು ಬಿದ್ದಿರಲಿಲ್ಲ. ಟಾಯ್ ತಳಿಗಳಲ್ಲಿ ಇದು ಜಾಸ್ತಿ. ಅನ್ನ ತಿನ್ನದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು ಅನಿಸಿತು. ಮುಂದೆ ವೈದ್ಯರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವಾಗ ಅದೇ ಅರಿವಳಿಕೆಯಲ್ಲಿ ಹಾಲುಹಲ್ಲನ್ನೂ ಕಿತ್ತರು.

ಜಗುಲಿ ಅಂಗಳದಿಂದ ಎರಡಡಿ ಎತ್ತರ. ಊರ ನಾಯಿಗೆ ಅದು ಲೆಕ್ಕಕ್ಕೇ ಇಲ್ಲ. ಈ ತಳಿಯ ಮುಂಗಾಲಿನ ಮೂಳೆ ಅಷ್ಟು ಎತ್ತರದಿಂದ ಹಾರಿದರೆ ಮುರಿಯಬಹುದು, ಮುರಿದರೆ ಕೂಡಿಕೊಳ್ಳುವುದೂ ಕಷ್ಟ, ಏಕೆಂದರೆ ಇಷ್ಟು ಸಣ್ಣ ನಾಯಿಗಳಲ್ಲಿ ಮಣಿಕಟ್ಟಿನ ಹತ್ತಿರದ ಮೂಳೆಗೆ ರಕ್ತ ಹರಿಯುವುದೇ ಕಡಿಮೆ. ಯಜಮಾನರು ಮಾರನೇ ದಿನವೇ ಅಡಿಕೆ ದಬ್ಬೆ ಕೂಡಿಸಿ ಒಂದು ಇಳಿಜಾರು ಮಾಡಿದರು. ಜಾರದಿರಲಿ ಅಂತ ಮೇಲೆ ಗೋಣಿಚೀಲ ಹೊಡೆದರು. ವಾಪಸ್ ಕಳಿಸುತ್ತೇನೆ ಅನ್ನುತ್ತಿದ್ದವರೇ ಇದನ್ನು ಮಾಡಿದ್ದು. ಅದನ್ನು ಕಂಡು ನನಗೆ ಧೈರ್ಯ ಬಂತು.

ಜೋನಿ ಬೆಲ್ಲ

ಜುಲೈ ಕೊನೆಗೆ ಒಂದು ಬೆಳಿಗ್ಗೆ ಆರಕ್ಕೆ ಫೋನ್. ಹಿಂದಿನ ದಿನ ಏನೂ ತಿಂದಿರಲಿಲ್ಲ. ರಾತ್ರಿ ಚಳಿ. ಬೆಳಿಗ್ಗೆ ಎದ್ದು ನಿಂತರೆ ಕಾಲು ತೂರಾಡುತ್ತದೆ, ಕಣ್ಣು ಮಂಕು. ಇಂಥ ಪುಟ್ಟ ನಾಯಿಗೆ ಹೊಟ್ಟೆ ಖಾಲಿ ಇದ್ದರೆ, ಜೊತೆಗೆ ಚಳಿಯೂ ಹೆದರಿಕೆಯೂ ಸೇರಿದರೆ, ರಕ್ತದ ಸಕ್ಕರೆ ಕುಸಿಯುತ್ತದೆ. ಮನೆಯಲ್ಲಿ ಜೋನಿ ಬೆಲ್ಲ, ಅಂದರೆ ನೀರಾಗಿರುವ ಬೆಲ್ಲ, ಇದೆಯಾ ಅಂತ ಕೇಳಿದೆ. ನಮ್ಮ ಕಡೆ ಅದಿಲ್ಲದ ಮನೆ ಉಂಟಾ! ಬೆರಳಿಗೆ ಹಚ್ಚಿಕೊಂಡು ಒಸಡಿಗೆ ತಿಕ್ಕಿ, ಬಾಯಿಗೆ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ ಅಂದೆ. ಬಟ್ಟೆ ಸುತ್ತಿ ಬೆಚ್ಚಗಿಡಿ, ಕೂಡಲೇ ವೈದ್ಯರ ಹತ್ತಿರ ಹೊರಡಿ ಅಂದೆ. ಹತ್ತು ನಿಮಿಷಕ್ಕೆ ತಲೆ ಎತ್ತಿದಳು. ಆಸ್ಪತ್ರೆಯಲ್ಲೂ ವೈದ್ಯರು ಅದನ್ನೇ ಹೇಳಿದರು.

ಆಗ ಊಟದ ಮಾತು ಬಂತು. ಆ ಮನೆಯಲ್ಲಿ ಮೊಟ್ಟೆ ಒಳಗೆ ಬರುವ ಹಾಗಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಸಣ್ಣ ತಳಿಯ ನಾಯಿಗೆಂದೇ ಬರುವ ಸಣ್ಣ ಕಾಳಿನ ಒಣ ಆಹಾರ, ಅದನ್ನು ಬಿಸಿನೀರಲ್ಲಿ ನೆನೆಸಿ, ಮೇಲೆ ಒಂದು ಚಮಚ ಗಟ್ಟಿ ಮೊಸರು. ದಿನಕ್ಕೆ ಮೂರು ಸಲ, ಗಂಟೆ ಹೊಡೆದ ಹಾಗೆ. ಶಾಲೆ ನಡೆಸಿದವರಿಗೆ ವೇಳಾಪಟ್ಟಿ ಕಷ್ಟವಲ್ಲ.

ಉಚ್ಚೆಯ ಪ್ರಶ್ನೆ

ಮಳೆಗೆ ಇವಳು ಇಳಿಯುವುದಿಲ್ಲ, ಅದು ಸೊಕ್ಕಲ್ಲ. ನುಣುಪು ಕೂದಲು, ಕೊಬ್ಬಿಲ್ಲದ ಮೈ, ಅಂಗಳದ ನೀರು ಹೊಟ್ಟೆಗೆ ತಾಗುತ್ತದೆ. ಹಾಗಾದರೆ ಸೂರಿನ ಕೆಳಗೇ ಜಾಗ ಮಾಡಬೇಕು. ಒಂದು ದಿನ ಅವಳು ಕೊಟ್ಟಿಗೆಯ ಅಂಚಿನಲ್ಲಿ ಪೇರಿಸಿಟ್ಟ ದರಕಿನ (ಒಣಗಿದ ಎಲೆಗಳ) ಮೇಲೆ ತಾನಾಗಿಯೇ ಉಚ್ಚೆ ಮಾಡಿದ್ದನ್ನು ಅಕ್ಕೋರು ನೋಡಿದರು. ಎಲ್ಲರಿಗೂ ಖುಷಿ. ಹಾಗಾದರೆ ಒಂದು ಮಂಕರಿ ದರಕನ್ನೇ ಜಗುಲಿಯ ಬದಿಗೆ ಹಾಕೋಣ ಅಂದರು ಯಜಮಾನರು. ನಾನೂ ಹೂಂ ಅಂದುಬಿಡುತ್ತಿದ್ದೆ.

ತಡೆದದ್ದು ಕೆಲಸದ ಹೆಂಗಸು. "ಕಾಡಿನ ದರಕು ಮನೆ ಒಳಗೆ ತಂದ್ರೆ ಉಣುಗು ಬರೂದಿಲ್ವಾ?" ಉಣುಗು ಅಂದರೆ ರಕ್ತ ಹೀರುವ ಉಣ್ಣೆ. ಎಷ್ಟು ಸರಿಯಾದ ಮಾತು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಶಿರಸಿ ಸಿದ್ದಾಪುರದ ಹಳ್ಳಿಗಳಿಗೂ ಅದು ಬಂದು ಹೋಗಿದೆ. ಹರಡುವುದು ಕಾಡಿನ ಉಣುಗಿನಿಂದ, ಡಿಸೆಂಬರಿನಿಂದ ಮೇ ತನಕ ಜಾಸ್ತಿ. ಮಳೆಗಾಲದಲ್ಲಿ ಶುರುವಾದ ಅಭ್ಯಾಸ ಬೇಸಿಗೆಗೂ ಮುಂದುವರಿಯುತ್ತಿತ್ತಲ್ಲ. ನಾಯಿಗೆ ಬರುವ ಉಣುಗಿನ ಜ್ವರಗಳು ಬೇರೆ. ಇನ್ನೊಂದು ತೊಡಕು ಇತ್ತು: ಉಣುಗಿಗೆ ಕೊಡುವ ಕೆಲವು ಮಾತ್ರೆಗಳನ್ನು 2 ಕಿಲೋಗಿಂತ ಕಡಿಮೆ ತೂಕದ ನಾಯಿಗೆ ಕೊಡುವ ಹಾಗಿಲ್ಲ. ದೊಡ್ಡ ನಾಯಿಯ ಮದ್ದನ್ನು ಮುರಿದು ಕೊಡುವುದಂತೂ ಬೇಡವೇ ಬೇಡ. ಇವಳ ತೂಕ 1.9.

ದರಕು ಬಿಟ್ಟೆವು. ಅಗಲದ ತಗಡಿನ ತಟ್ಟೆಗೆ ತೊಳೆದು ಒಣಗಿಸಿದ ಮರಳು ಹಾಕಿ ಸೂರಿನ ಕೆಳಗೆ ಇಟ್ಟೆವು. ಊಟವಾದ ಕೂಡಲೇ, ನಿದ್ದೆ ಎದ್ದ ಕೂಡಲೇ ಅಲ್ಲಿಗೆ ಕರೆದುಕೊಂಡು ಹೋಗುವುದು, ಮಾಡಿದರೆ ಒಂದು ಕಾಳು ಬಾಯಿಗೆ. ತಪ್ಪಿದರೆ ಸುಮ್ನೆ ಒರೆಸುವುದು, ಬೈಯುವ ಹಾಗಿಲ್ಲ. ಹನ್ನೆರಡು ದಿನ ಹಿಡಿಯಿತು. ದೇವರ ಕೋಣೆಯ ಬಾಗಿಲು ಮಾತ್ರ ಇನ್ನೊಂದು ತಿಂಗಳು ಕಾಯಬೇಕಾಯಿತು.

ನನ್ನ ತಪ್ಪು

ಉಳಿದದ್ದು ಬೊಗಳುವುದು. ಅಕ್ಕೋರು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಲೆಕ್ಕ ಇಟ್ಟಿದ್ದರು. ಆಗಸ್ಟ್ ಮೊದಲ ವಾರ ದಿನಕ್ಕೆ ನಲವತ್ತಕ್ಕೂ ಹೆಚ್ಚು ಸಲ. ನನಗೆ ಅನಿಸಿದ್ದು, ಇವಳಿಗೆ ಕೆಲಸ ಇಲ್ಲ. ಹೆಸರಿನಿಂದ ಟೆರಿಯರ್ ತೆಗೆದರೂ ರಕ್ತ ಅದೇ. ಅಕ್ಕೋರಿಗೆ ಒಂದು ಹಳೆಯ ಕತೆ ಹೇಳಿದೆ. 1848ರ ಸುಮಾರಿಗೆ ಲಂಡನ್ನಿನ ಒಂದು ಹೆಂಡದಂಗಡಿಯಲ್ಲಿ ಟೈನಿ ಅನ್ನುವ ಪುಟ್ಟ ಟೆರಿಯರ್ ಒಂದು ಗಂಟೆಯೊಳಗೆ 200 ಇಲಿ ಕೊಂದಿತ್ತು. ಅದರ ತೂಕ ಸುಮಾರು ಎರಡೂವರೆ ಕಿಲೋ. ಸಾಸಿವೆಯ ಹಿಂದಿನವರು ಅದೇ ಜಾತಿಯವರು. ಯಜಮಾನರು ಕಿವಿ ನಿಮಿರಿಸಿದರು. ಅಟ್ಟದ ತುಂಬ ಚಾಲಿ ಅಡಿಕೆ ಚೀಲ, ದರಕ್ಕೆ ಕಾದು ಇಟ್ಟದ್ದು. ಅಟ್ಟದ ತುಂಬ ಇಲಿ. "ಹಂಗಾರೆ ಮೇಲೆ ಬಿಡನನ?" ಅಂದರು. ನಾನು ಬಿಡಿ ಅಂದೆ.

ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು, ಕೇಳಲಿಲ್ಲ.

ಮೂರು ವಾರ ಅವಳು ದಿನಕ್ಕೆ ಎರಡು ಗಂಟೆ ಅಟ್ಟದಲ್ಲಿ. ಯಜಮಾನರೇ ಕಂಕುಳಲ್ಲಿ ಎತ್ತಿಕೊಂಡು ಏಣಿ ಹತ್ತುತ್ತಿದ್ದರು, ಅವರಿಗೊಬ್ಬರಿಗೆ ಅವಳು ಆ ಅನುಮತಿ ಕೊಟ್ಟಿದ್ದಳು. ಬೊಗಳುವುದು ಅರ್ಧಕ್ಕೆ ಇಳಿಯಿತು. ಒಂದು ಸಂಜೆ ಇಲಿ ಹಿಡಿದಳು. ಮರುದಿನ ಬೆಳಿಗ್ಗೆ ಯಜಮಾನರ ಫೋನ್, ದನಿಯಲ್ಲಿ ಹೆಮ್ಮೆ. ಹಿಡಿದಳು, ಕುತ್ತಿಗೆ ಮುರಿದಳು, ಅರ್ಧ ತಿಂದೂ ಬಿಟ್ಟಳು.

ತಿಂದಳು ಅನ್ನುವ ಮಾತಿಗೆ ನನ್ನ ಎದೆ ಧಸಕ್ಕೆಂದಿತು. ಅಟ್ಟದಲ್ಲಿ ಇಲಿ ಪಾಷಾಣ ಇಟ್ಟಿದ್ದೀರಾ ಅಂತ ಕೇಳಿದೆ. ಆ ಕಡೆ ಮಾತಿಲ್ಲ. ಆಮೇಲೆ ನಿಧಾನಕ್ಕೆ, ಸಂಕಷ್ಟಿಯ ಹಿಂದಿನ ದಿನ ಇಟ್ಟಿದ್ದೆ, ಚೀಲದ ಹಿಂದೆ, ಅಂದರು.

ಮುಂದಿನ ಒಂದು ಗಂಟೆಯಲ್ಲಿ ಅವರು ಮಾಡಿದ ಒಂದು ಕೆಲಸ ಬಹಳ ಮುಖ್ಯ. ಪಾಷಾಣದ ಖಾಲಿ ಪೊಟ್ಟಣವನ್ನು ಹುಡುಕಿ ಜೊತೆಗೆ ತಂದರು. ಬ್ರೋಮಾಡಿಯೋಲೋನ್. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಿಷ. ತಿಂದ ದಿನ ನಾಯಿ ಆಡುತ್ತಾ ಇರುತ್ತದೆ. ಮೂರರಿಂದ ಐದು ದಿನ ಕಳೆದ ಮೇಲೆ ಒಸಡು ಬಿಳಿಚಿಕೊಳ್ಳುತ್ತದೆ, ಸುಸ್ತು, ಉಸಿರಾಟ ಕಷ್ಟ, ಒಳಗೇ ರಕ್ತ ಸೋರುತ್ತದೆ. ಅದಕ್ಕೆ ಮದ್ದಿದೆ, ವಿಟಮಿನ್ ಕೆ1. ಕೆ3 ಅಂತ ಸಿಗುವುದು ಇದಕ್ಕೆ ನಡೆಯುವುದಿಲ್ಲ. ಅದೇ ಪೊಟ್ಟಣ ಜಿಂಕ್ ಫಾಸ್ಫೈಡ್‌ನದ್ದಾಗಿದ್ದರೆ ಕತೆ ಬೇರೆ. ಅದು ಹೊಟ್ಟೆಯ ಆಮ್ಲ ತಾಗಿ ವಿಷದ ಗಾಳಿಯಾಗುತ್ತದೆ, ಅದಕ್ಕೆ ಪ್ರತಿಮದ್ದೇ ಇಲ್ಲ.

ವಾಂತಿ ಮಾಡಿಸುವ ಹೊತ್ತು ಮೀರಿತ್ತು. ಒಸಡು ಇನ್ನೂ ಗುಲಾಬಿ ಬಣ್ಣದಲ್ಲೇ ಇತ್ತು. ಒಂದು ಇಲಿಯ ಮೈಯಲ್ಲಿ ವಿಷ ಇದ್ದರೂ ಕಡಿಮೆಯೇ, ಕಾದು ನೋಡಬಹುದಲ್ಲ ಅಂತ ಯಜಮಾನರು ಕೇಳಿದರು. ವೈದ್ಯರು ಎರಡು ಮಾತು ಹೇಳಿದರು. ನಾಯಿಯ ತೂಕ ಎರಡು ಕಿಲೋ ಇಲ್ಲ. ಮತ್ತೆ, ಮೂರು ವಾರ ಅಟ್ಟದಲ್ಲಿದ್ದವಳು ಇದಕ್ಕೆ ಮೊದಲು ಏನು ತಿಂದಿದ್ದಾಳೆ, ಪಾಷಾಣದ ಬಿಲ್ಲೆಯನ್ನೇ ಕಡಿದಿದ್ದಾಳೋ, ಯಾರು ನೋಡಿದ್ದಾರೆ? ಕಾಯದೆ ಕೆ1 ಶುರು ಮಾಡಿದರು. ನಾಲ್ಕು ವಾರ, ಕೊಬ್ಬಿನ ಆಹಾರದ ಜೊತೆ ಕೊಟ್ಟರೆ ಮದ್ದು ಚೆನ್ನಾಗಿ ಹೀರಿಕೊಳ್ಳುತ್ತದೆ ಅಂತ ತುಪ್ಪದಲ್ಲಿ ಅದ್ದಿ. ಕೊನೆಯ ಮಾತ್ರೆ ಮುಗಿದು 48 ಗಂಟೆ ಕಳೆದ ಮೇಲೆ ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆ. ಆ ನಾಲ್ಕು ವಾರ ಅಕ್ಕೋರು ದಿನಕ್ಕೆ ಮೂರು ಸಲ ತುಟಿ ಎತ್ತಿ ಒಸಡು ನೋಡುತ್ತಿದ್ದರು. ನಾನು ರಾತ್ರಿ ಫೋನ್ ಮಾಡಿ ಬಣ್ಣ ಕೇಳುತ್ತಿದ್ದೆ. ಪರೀಕ್ಷೆ ಸರಿಯಾಗಿ ಬಂದ ದಿನ ಅವರ ಮನೆಗೆ ಹೋಗಿ, ತಪ್ಪು ನನ್ನದು, ಕೇಳದೆ ಹೇಳಿಬಿಟ್ಟೆ ಅಂತ ಇಬ್ಬರಿಗೂ ಹೇಳಿದೆ. ಯಜಮಾನರು ತಮ್ಮದೂ ಅಂದರು. ಈಗ ಯಾವ ಮನೆಗೆ ಹೋದರೂ ಜಗುಲಿ ಹತ್ತುವ ಮೊದಲೇ ನಾನು ಕೇಳುವುದು ಪಾಷಾಣದ ವಿಷಯ, ತೋಟದ್ದೂ ಸೇರಿ, ಪಕ್ಕದ ಮನೆಯದ್ದೂ ಸೇರಿ.

ಆಮೇಲೆ

ಇಲಿ ಬೇಟೆ ಮುಂದುವರಿಸಬೇಕೋ ಬೇಡವೋ ಅಂತ ಒಂದು ಸಂಜೆ ಪೂರ್ತಿ ಮಾತಾಯಿತು. ಪಾಷಾಣ ತೆಗೆದುಬಿಟ್ಟರೆ ಆಯಿತಲ್ಲ, ಅಲ್ಲಿ ಅವಳೆಷ್ಟು ಖುಷಿಯಾಗಿರುತ್ತಾಳೆ ಅಂತ ಯಜಮಾನರು. ಅದು ಸುಳ್ಳಲ್ಲ, ನಾನೂ ಆ ಖುಷಿ ಕಂಡಿದ್ದೇನೆ. ಆದರೆ ಪಕ್ಕದ ಮನೆಯ ಪಾಷಾಣ ತಿಂದ ಇಲಿ ಈ ಅಟ್ಟಕ್ಕೇ ಬಂದು ಸಾಯಬಹುದು. ಇಲಿ ಜ್ವರದ ಹೆದರಿಕೆ ಬೇರೆ, ಆ ಲಸಿಕೆಯ ವರ್ಷದ ಅವಧಿ ಮುಗಿದಿತ್ತು, ಆಗಲೇ ಹಾಕಿಸಿದೆವು. ಕೊನೆಗೆ ಅಕ್ಕೋರು ಅಂದರು, "ಬ್ಯಾಡ. ಇಲಿಗೆ ಬೋನು ಇಡನ. ಇವ್ಳಿಗೆ ಬೇರೆ ಪಾಠ ಮಾಡನ."

ಪಾಠ ಅಂದರೆ ನಿಜವಾಗಿಯೂ ಪಾಠ. ಹನ್ನೆರಡು ತೆಂಗಿನ ಗರಟೆ ಬೋರಲು ಹಾಕಿ ಮೂರರ ಕೆಳಗೆ ಮಾತ್ರ ಕಾಳು. ಹಳೆ ಸೀರೆಯ ತುಂಡು ತುಂಬಿದ ಬುಟ್ಟಿಯಲ್ಲಿ ಹುಗಿಸಿಟ್ಟ ಕಾಳನ್ನು ಕೆದರಿ ತೆಗೆಯುವುದು. ಮುಂಗಾಲಿನಿಂದ ಬಗೆದು, ಮೂಗು ಒಳಗೆ ಹಾಕಿ ಬುಸ್ ಬುಸ್ ಅಂತ ಮೂಸುವಾಗ ಅವಳನ್ನು ನೋಡಬೇಕು, ಬಾಲದಿಂದ ಕಿವಿತನಕ ಮೈಯೆಲ್ಲ ಕೆಲಸದಲ್ಲಿ ಇರುತ್ತದೆ. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ. ಮೊದಲಿನ ಊಟದಿಂದಲೇ ಕಾಳು ತೆಗೆದಿಟ್ಟು ಆಟಕ್ಕೆ ಬಳಸುತ್ತಾರೆ, ಜಾಸ್ತಿ ತಿನ್ನಿಸಿದರೆ ಆ ಕಾಲಿಗೆ ಭಾರ.

ಚೌತಿಗೆ ಮಗ ಬಂದಾಗ ಮದ್ದು ನಡೆಯುತ್ತಿತ್ತು, ಕರೆದುಕೊಂಡು ಹೋಗುವ ಮಾತು ಯಾರೂ ಎತ್ತಲಿಲ್ಲ. ದೀಪಾವಳಿಗೆ ಅವನೇ ಕೇಳಿದ. ಅಕ್ಕೋರು ಉತ್ತರ ಕೊಡದೆ ನೋಟ್‌ಬುಕ್ಕು ತೋರಿಸಿದರು. ದಿನಕ್ಕೆ ಹದಿನಾಲ್ಕು ಗೆರೆ. ಅದಕ್ಕಿಂತ ಕೆಳಗೆ ಅದು ಇಳಿದಿಲ್ಲ. ಬಸ್ಸಿನ ಹಾರ್ನಿಗೆ, ಅಂಗಳಕ್ಕೆ ಬರುವ ಹೊಸ ಚಪ್ಪಲಿಗೆ ಅವಳು ಇವತ್ತಿಗೂ ಬೊಗಳುತ್ತಾಳೆ. ಅದು ಅವಳ ಹಕ್ಕು ಅಂತ ಮನೆಯವರು ಒಪ್ಪಿಕೊಂಡಿದ್ದಾರೆ. ಡಿಸೆಂಬರಿನ ಚಳಿಗೆ ಅಕ್ಕೋರು ಉಲ್ಲನ್ ಸ್ವೆಟರ್ ಹೆಣೆದರು. ಈಗ ತೂಕ 2.2 ಕಿಲೋ, ಉಣುಗಿನ ಮಾತ್ರೆ ಕೊಡಲು ವೈದ್ಯರು ಒಪ್ಪಿದ್ದಾರೆ.

ಅಟ್ಟದಲ್ಲಿ ಯಜಮಾನರು ಇಟ್ಟಿದ್ದು ಹನ್ನೊಂದು ಬಿಲ್ಲೆ. ಅಡಿಕೆ ಮಾರಿ ಚೀಲಗಳೆಲ್ಲ ಇಳಿದ ಮೇಲೆ ಟಾರ್ಚ್ ಹಿಡಿದು ಮೂಲೆ ಮೂಲೆ ಹುಡುಕಿದೆವು, ನಾನೂ ಇದ್ದೆ. ಒಂಬತ್ತು ಸಿಕ್ಕವು. ಇಲಿ ಎಳೆದುಕೊಂಡು ಹೋಗಿ ಎಲ್ಲೋ ಸಂದಿಯಲ್ಲಿ ಇಟ್ಟಿರಬೇಕು. ಎರಡು ಇನ್ನೂ ಸಿಕ್ಕಿಲ್ಲ. ಅಟ್ಟದ ಬಾಗಿಲಿಗೆ ಇವತ್ತಿಗೂ ಚಿಲಕ ಹಾಕಿದೆ, ಏಣಿಯ ಬುಡದಲ್ಲಿ ಸಾಸಿವೆ ದಿನಾ ಸಂಜೆ ಸ್ವಲ್ಪ ಹೊತ್ತು ಮೇಲೆ ನೋಡುತ್ತಾ ಕೂರುತ್ತಾಳೆ.